ಬೆಸುಗೆ ಏಕೆ ಬಿಡುತ್ತದೆ?

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಸೀಮೆಯಲ್ಲಿರುವ ತಗಡೂರು ಖಾದಿಯಿಂದ ಹೆಸರು ಪಡೆದ ಊರು. ಕಬ್ಬು ಕಡಿಯುವ ಕಾಲ ಬಂದಿತೆಂದರೆ ಈ ಭಾಗದ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಅಂಥದೊಂದು ದಿನ ರೈತರೊಬ್ಬರು ರಸ್ತೆಬದಿಯ ವೆಲ್ಡಿಂಗ್ ಅಂಗಡಿಯ ಮುಂದೆ ತಮ್ಮ ಟ್ರೇಲರನ್ನು ನಿಲ್ಲಿಸಿಕೊಂಡು ನಿಂತಿದ್ದರು. ಟ್ರೇಲರನ್ನು ಟ್ರ್ಯಾಕ್ಟರಿಗೆ ಸೇರಿಸುವ ಕೊಂಡಿಯ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು.

“ಹೋದ ತಿಂಗ್ಳು ತಾನೇ ಹೊಡ್ಸಿದ್ದು, ಮತ್ತೆ ಬುಟ್ಬುಡ್ತಲ್ಲಪ್ಪ?” ಎಂದರು ರೈತರು.

“ಈ ಸಲ ಮೇಲೆ ಇನ್ನೆರಡು ಸುತ್ತು ಗಟ್ಟಿಯಾಗಿ ಹೊಡ್ದ್ಕೊಡ್ತೀನಿ ಬುಡಣ್ಣ” ಎಂದು ಅಂಗಡಿಯಾತ ಭರವಸೆ ಕೊಟ್ಟ.

ಮಾತಿನಂತೆಯೇ ಅವನು ದಪ್ಪನಾಗಿ ಲೋಹ ತುಂಬಿದ. ಕೆಲವೇ ವಾರಗಳಲ್ಲಿ ಅದೇ ಜಾಗ ಮತ್ತೆ ಬಿಟ್ಟಿತು. ಅದೂ ಏರು ಹತ್ತುವಾಗ. ಹಿಂದಕ್ಕೆ ಜಾರಿದ ಟ್ರೇಲರು ಬದಿಯ ದಿಣ್ಣೆಗೆ ಒರಗಿ ನಿಂತಿತು. ಹಿಂದೆ ಯಾರೂ ಬರುತ್ತಿರಲಿಲ್ಲವೆಂಬುದೊಂದೇ ಭಾಗ್ಯ.

ಈ ಅಂಗಡಿಯಾತ ಮೋಸಗಾರನಲ್ಲ. ಅವನ ಕೈಕೆಲಸವೂ ಕೀಳಲ್ಲ. ಹೆಚ್ಚು ಲೋಹ ತುಂಬಿದರೆ ಹೆಚ್ಚು ಬಲ ಬರುವುದೆಂಬ ಅವನ ನಂಬಿಕೆ ನಮ್ಮಲ್ಲಿ ಬಹುಮಂದಿಯ ನಂಬಿಕೆಯೂ ಹೌದು. ಆ ನಂಬಿಕೆ ಎಲ್ಲಿ ತಪ್ಪುತ್ತದೆ, ಬೆಸೆದ ಕೀಲುಗಳ ಆಯುಷ್ಯವನ್ನು ನಿರ್ಣಯಿಸುವ ಸಂಗತಿಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಲೋಹಕ್ಕೂ ದಣಿವುಂಟು

ಕಟ್ಟಡದ ಕೆಲಸದಲ್ಲಿ ಕಂಬಿ ಕಟ್ಟಲು ಬಳಸುವ ಸಣ್ಣ ತಂತಿಯೊಂದನ್ನು ತೆಗೆದುಕೊಳ್ಳಿ. ಅದನ್ನು ಎಳೆದು ತುಂಡುಮಾಡಲು ನಿಮ್ಮ ತೋಳಬಲ ಸಾಲದು. ಆದರೆ ಒಂದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸುತ್ತ ಹೋದರೆ ಕೆಲವು ಸಲಕ್ಕೆ ಅದು ತುಂಡಾಗುತ್ತದೆ. ಒಂದೇ ಸಲಕ್ಕೆ ಮುರಿಯಲಾರದ ಬಲ, ಪದೇ ಪದೇ ಬಂದು ಹೋಗುವುದರಿಂದ ಲೋಹವನ್ನು ಮುರಿಯಬಲ್ಲದು. ಈ ವಿದ್ಯಮಾನಕ್ಕೆ ಲೋಹದ ದಣಿವು ಎಂದು ಹೆಸರು.

ಆದರೆ ದಣಿವು ಎಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ದಣಿದ ಮನುಷ್ಯ ಮಲಗಿ ಎದ್ದರೆ ಚೇತರಿಸಿಕೊಳ್ಳುತ್ತಾನೆ. ಲೋಹಕ್ಕೆ ಅಂತಹ ವಿಶ್ರಾಂತಿಯಿಲ್ಲ. ಅದರಲ್ಲಿ ನಡೆಯುವುದು ಬಿರುಕಿನ ಬೆಳವಣಿಗೆ. ಪ್ರತಿಯೊಂದು ಎಳೆತಕ್ಕೂ ಬಿರುಕು ಬಾಯ್ತೆರೆದು ಕಣ್ಣಿಗೆ ಕಾಣದಷ್ಟು ಮುಂದೆ ಸರಿಯುತ್ತದೆ. ಎಳೆತ ನಿಂತಾಗ ಬಿರುಕು ಅಲ್ಲಿಯೇ ನಿಲ್ಲುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಕೊನೆಗೆ ಉಳಿದಿರುವ ಲೋಹ ಭಾರವನ್ನು ತಡೆಯಲಾರದಷ್ಟು ಕಿರಿದಾದಾಗ ಭಾಗವು ಒಮ್ಮೆಗೇ ಮುರಿಯುತ್ತದೆ. ನೋಡುವವರಿಗೆ ಅದು ಅಕಸ್ಮಾತ್ತಾಗಿ ಆದಂತೆ ತೋರುತ್ತದೆ.

ಈ ಸಂಗತಿ ಲೋಕದ ಗಮನಕ್ಕೆ ಬಂದುದು ರೈಲ್ವೆಯ ಮೂಲಕ. ೧೮೪೨ನೆಯ ಇಸವಿ ಮೇ ೮ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಕುಲುಕಾಟದಿಂದ ಕಬ್ಬಿಣದ ಒಳಗುಣವೇ ಬದಲಾಗಿ ಅದು ಹರಳುಗಟ್ಟುತ್ತದೆ ಎಂದು ಆಗ ಅನೇಕರು ತಿಳಿದಿದ್ದರು. ಸ್ಕಾಟ್ಲೆಂಡಿನ ರ‍್ಯಾಂಕಿನ್ ೧೮೪೩ರಲ್ಲಿ ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಅಚ್ಚಿನ ದಪ್ಪ ಥಟ್ಟನೆ ಬದಲಾಗುವ ಮೂಲೆಯಲ್ಲಿ ಬಿರುಕು ಹುಟ್ಟಿ ಒಳಗೆ ಬೆಳೆಯುತ್ತದೆಂದು ತೋರಿಸಿದ. ಬಳಿಕ ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರ್ ೧೮೫೦ ಮತ್ತು ೧೮೬೦ರ ದಶಕಗಳಲ್ಲಿ ಅಚ್ಚುಗಳನ್ನೂ ಲೋಹದ ತುಂಡುಗಳನ್ನೂ ಲಕ್ಷಾಂತರ ಸಲ ಬಗ್ಗಿಸಿ ನೋಡಿ, ಮುರಿಯುವಿಕೆಯನ್ನು ನಿರ್ಣಯಿಸುವುದು ಮುಖ್ಯವಾಗಿ ಬಲದ ಏರಿಳಿತದ ಪ್ರಮಾಣವೆಂದು ಕಂಡುಹಿಡಿದ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಲೋಹದ ಮೇಲೆ ಬಿದ್ದ ಬಲವನ್ನು ಅದನ್ನು ಹೊತ್ತಿರುವ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವುದು ಪೀಡನ. ಅದನ್ನು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಅಳೆಯುತ್ತೇವೆ. ಟ್ರೇಲರು ಕುಲುಕುವಾಗ ಪೀಡನ ಏರುತ್ತದೆ, ಇಳಿಯುತ್ತದೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಇರುವ ಅಂತರವನ್ನು ಪೀಡನದ ಏರಿಳಿತ ಎನ್ನೋಣ.

ಬೆಸುಗೆಯ ಮೂರು ದೌರ್ಬಲ್ಯಗಳು

ಒಳ್ಳೆಯ ಬೆಸುಗೆಯನ್ನು ಒಂದೇ ಸಲ ಎಳೆದು ನೋಡಿದರೆ ಅದು ಪಕ್ಕದ ಉಕ್ಕಿಗಿಂತ ಕಡಿಮೆಯೇನೂ ಇರುವುದಿಲ್ಲ. ಎಷ್ಟೋ ವೇಳೆ ಉಕ್ಕೇ ಮೊದಲು ಹರಿಯುತ್ತದೆ. ಆದರೆ ದಣಿವಿನ ಪರೀಕ್ಷೆಯಲ್ಲಿ ಬೆಸೆದ ಕೀಲು ಉಕ್ಕಿನ ಹಲಗೆಗಿಂತ ಬಹಳ ಹಿಂದೆ ಬೀಳುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಮೂರು.

ಮೊದಲನೆಯದು ಆಕಾರ. ಖಾದಿ ಅಂಗಡಿಯಲ್ಲಿ ಬಟ್ಟೆ ಹರಿದುಕೊಡುವವರನ್ನು ನೀವು ನೋಡಿರಬಹುದು. ಅವರು ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಗಾಯ ಮಾಡಿ ಆಮೇಲೆ ಎಳೆಯುತ್ತಾರೆ. ಬಟ್ಟೆ ನೇರವಾಗಿ ಹರಿಯುತ್ತದೆ. ಗಾಯವಿಲ್ಲದಾಗ ಎಲ್ಲ ನೂಲುಗಳೂ ಎಳೆತವನ್ನು ಹಂಚಿಕೊಳ್ಳುತ್ತವೆ. ಗಾಯವಾದೊಡನೆ ಅದರ ತುದಿಯಲ್ಲಿರುವ ಒಂದೆರಡು ನೂಲುಗಳ ಮೇಲೆಯೇ ಎಳೆತವೆಲ್ಲ ಬಂದು ಕೂಡುತ್ತದೆ. ಬೆಸುಗೆಯಲ್ಲಿಯೂ ಹೀಗೆಯೇ. ಉಬ್ಬಿದ ಬೆಸುಗೆಯ ಲೋಹ ಹಲಗೆಯನ್ನು ಮುಟ್ಟುವ ಅಂಚಿನಲ್ಲಿ ಆಕಾರ ಥಟ್ಟನೆ ಬದಲಾಗುತ್ತದೆ. ಆ ಮೂಲೆಯಲ್ಲಿ ಪೀಡನ ಸುತ್ತಲಿನದಕ್ಕಿಂತ ಹಲವು ಮಡಿ ಹೆಚ್ಚಾಗುತ್ತದೆ. ಉಬ್ಬು ಹೆಚ್ಚಾದಷ್ಟೂ ಮೂಲೆ ಕಡಿದಾಗುತ್ತದೆ. ನಮ್ಮ ಅಂಗಡಿಯಾತ ತುಂಬಿದ ಎರಡು ಸುತ್ತು ಲೋಹ ಕೊಂಡಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿತೆಂಬುದು ಈಗ ಅರ್ಥವಾದೀತು.

ಎರಡನೆಯದು ಹುಟ್ಟುಗಾಯ. ಕರಗಿದ ಲೋಹ ಗಟ್ಟಿಯಾಗುವಾಗ ಅದರ ಅಂಚಿನಲ್ಲಿ ಕಿಟ್ಟದ ಸೂಕ್ಷ್ಮ ಕಣಗಳು ಸಿಕ್ಕಿಕೊಂಡು, ಚೂಪಾದ ಸೀಳುಗಳಂತೆ ಉಳಿಯುತ್ತವೆ. ಅವುಗಳ ಆಳ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ನಾಲ್ಕು ಪಾಲು ಮಾತ್ರ. ಒಳ್ಳೆಯ ಕುಶಲಕರ್ಮಿಯ ಬೆಸುಗೆಯಲ್ಲಿಯೂ ಅವು ಇರುತ್ತವೆ. ನಯವಾದ ಉಕ್ಕಿನ ಆಯುಷ್ಯದ ಹೆಚ್ಚಿನ ಪಾಲು ಮೊದಲ ಬಿರುಕು ಹುಟ್ಟುವುದರಲ್ಲಿಯೇ ಕಳೆಯುತ್ತದೆ. ಬೆಸುಗೆಗಾದರೋ ಬಿರುಕಿನ ಮೊಳಕೆ ಹುಟ್ಟಿನೊಡನೆಯೇ ಬಂದಿರುತ್ತದೆ. ಉಳಿಯುವುದು ಅದರ ಬೆಳವಣಿಗೆಯ ಕಾಲ ಮಾತ್ರ. ಇದಲ್ಲದೆ ಲೋಹ ಬುಡದವರೆಗೆ ಇಳಿಯದೆ ಒಳಗೆ ಸಂದು ಉಳಿದಿದ್ದರೆ, ಆ ಸಂದೇ ಒಂದು ದೊಡ್ಡ ಬಿರುಕು. ಅದು ಹೊರಗಿನಿಂದ ಕಾಣುವುದೂ ಇಲ್ಲ.

ಮೂರನೆಯದು ಉಳಿಕೆ ಪೀಡನ. ಮರದ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟೆ ತೊಡಿಸುವ ಕ್ರಮ ಹಳ್ಳಿಯವರಿಗೆ ಗೊತ್ತು. ಪಟ್ಟೆಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾರೆ. ಕುಗ್ಗಲು ಹವಣಿಸುವ ಕಬ್ಬಿಣಕ್ಕೆ ಮರ ಎಡೆಗೊಡುವುದಿಲ್ಲ. ಆದ್ದರಿಂದ ಪಟ್ಟೆ ಸದಾ ಎಳೆತದಲ್ಲಿ ಇದ್ದು ಚಕ್ರವನ್ನು ಬಿಗಿಯುತ್ತದೆ. ಬೆಸುಗೆಯ ಲೋಹವೂ ಆರುವಾಗ ಕುಗ್ಗಬೇಕು. ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಹೀಗಾಗಿ ಹೊರಗಿನ ಭಾರವೇ ಇಲ್ಲದಾಗಲೂ ಬೆಸುಗೆಯ ಸುತ್ತ ದೊಡ್ಡ ಎಳೆತ ನೆಲೆಸಿರುತ್ತದೆ. ಸಾಧಾರಣ ಉಕ್ಕಿನಲ್ಲಿ ಅದು ಚದರ ಮಿಲಿಮೀಟರಿಗೆ ಸುಮಾರು ೨೫೦ ನ್ಯೂಟನ್, ಅಂದರೆ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟವನ್ನೇ ಮುಟ್ಟಬಲ್ಲದು.

ಇದರ ಪರಿಣಾಮ ವಿಚಿತ್ರವಾದುದು. ಬಿರುಕು ಬೆಳೆಯಬೇಕಾದರೆ ಅದು ಬಾಯ್ತೆರೆಯಬೇಕು. ಅದಕ್ಕೆ ಎಳೆತ ಬೇಕು. ನಂಜನಗೂಡಿನಲ್ಲಿ ಕಪಿಲಾ ನದಿಗೆ ೧೭೩೫ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಹಳೆಯ ಸೇತುವೆ, ಮೀಟರ್ ಗೇಜಿನ ಕಾಲದಲ್ಲಿ ರೈಲನ್ನೂ ಹೊತ್ತಿತ್ತು. ಅದರ ಕಮಾನುಗಳಲ್ಲಿ ಭಾರ ಕಲ್ಲನ್ನು ಕಲ್ಲಿಗೆ ಒತ್ತುತ್ತದೆ. ಒತ್ತುವ ಬಲ ಸಂದನ್ನು ಮುಚ್ಚುತ್ತದೆಯೇ ಹೊರತು ತೆರೆಯುವುದಿಲ್ಲ. ಬೆಸೆದ ಉಕ್ಕಿಗೆ ಈ ರಕ್ಷಣೆಯಿಲ್ಲ. ಹೊರಗಿನ ಬಲ ಅದನ್ನು ಒತ್ತಿದರೂ, ಒಳಗೆ ಮೊದಲೇ ಇರುವ ಎಳೆತ ಸ್ವಲ್ಪ ತಗ್ಗುತ್ತದೆ ಅಷ್ಟೆ. ಬಲ ಹಿಂದೆಗೆದಾಗ ಎಳೆತ ಮತ್ತೆ ಏರುತ್ತದೆ. ಬಿರುಕಿಗೆ ಅಷ್ಟು ಏರಿಳಿತವೇ ಸಾಕು. ಆದ್ದರಿಂದಲೇ ಬೆಸುಗೆಯ ಲೆಕ್ಕದಲ್ಲಿ ಎಂಜಿನಿಯರರು ಒತ್ತುವ ಬಲ, ಎಳೆಯುವ ಬಲ ಎಂದು ಭೇದ ಮಾಡದೆ ಸಾಮಾನ್ಯವಾಗಿ ಪೂರ್ತಿ ಏರಿಳಿತವನ್ನೇ ಗಣಿಸುತ್ತಾರೆ.

ಬಲವಾದ ಉಕ್ಕು ಏಕೆ ನೆರವಾಗದು?

ದುಬಾರಿಯಾದ ಬಲವಾದ ಉಕ್ಕನ್ನು ಬಳಸಿದರೆ ಆಯಿತಲ್ಲವೇ ಎಂದು ನೀವು ಕೇಳಬಹುದು. ನಯಗೊಳಿಸಿದ, ಬೆಸುಗೆಯಿಲ್ಲದ ಉಕ್ಕಿನ ದಣಿವಿನ ಬಲ ಸ್ಥೂಲವಾಗಿ ಅದರ ಎಳೆತದ ಬಲದ ಅರ್ಧದಷ್ಟು. ಎಳೆತದ ಬಲ ಇಮ್ಮಡಿಯಾದರೆ ದಣಿವಿನ ಬಲವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಬೆಸೆದ ಕೀಲುಗಳನ್ನು ಪರೀಕ್ಷಿಸಿದಾಗ, ಸಾಧಾರಣ ಉಕ್ಕಿಗೂ ಬಲವಾದ ಉಕ್ಕಿಗೂ ದಣಿವಿನ ಬಲ ಬಹುಮಟ್ಟಿಗೆ ಒಂದೇ ಎಂದು ಕಂಡುಬಂದಿತು.

ಕಾರಣವನ್ನು ಮೇಲೆಯೇ ಹೇಳಿದೆ. ಬಲವಾದ ಉಕ್ಕಿನ ಹಿರಿಮೆಯಿರುವುದು ಬಿರುಕು ಹುಟ್ಟದಂತೆ ತಡೆಯುವುದರಲ್ಲಿ. ಬೆಸುಗೆಯಲ್ಲಿ ಬಿರುಕಿನ ಮೊಳಕೆ ಮೊದಲೇ ಇರುವುದರಿಂದ ಆ ಹಿರಿಮೆ ವ್ಯರ್ಥ. ಇನ್ನು ಬಿರುಕು ಬೆಳೆಯುವ ವೇಗ ಲೋಹದ ಸ್ಥಿತಿಸ್ಥಾಪಕತ್ವವನ್ನು ಅವಲಂಬಿಸಿದೆ. ಅದು ಎಲ್ಲ ಬಗೆಯ ಉಕ್ಕುಗಳಿಗೂ ಚದರ ಮಿಲಿಮೀಟರಿಗೆ ಸುಮಾರು ೨ ಲಕ್ಷ ನ್ಯೂಟನ್. ಅಲ್ಯೂಮಿನಿಯಮ್ಮಿನ ಸ್ಥಿತಿಸ್ಥಾಪಕತ್ವ ಇದರ ಮೂರನೆಯ ಒಂದು ಪಾಲು. ಅದರ ಬೆಸುಗೆಗಳ ದಣಿವಿನ ಬಲವೂ ಸುಮಾರು ಮೂರನೆಯ ಒಂದು ಪಾಲೇ.

ಘನದ ನಿಯಮ

ಬೆಸುಗೆಯ ಆಯುಷ್ಯಕ್ಕೂ ಪೀಡನದ ಏರಿಳಿತಕ್ಕೂ ಇರುವ ಸಂಬಂಧ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದದ್ದು. ಆಯುಷ್ಯ ಏರಿಳಿತದ ಘನಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಏರಿಳಿತ ಇಮ್ಮಡಿಯಾದರೆ ಆಯುಷ್ಯ ಅರ್ಧವಾಗುವುದಿಲ್ಲ. ಎರಡರ ಘನ ಎಂಟಾದ್ದರಿಂದ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ.

ಬೆಸೆದ ಕೀಲುಗಳನ್ನು ಅವುಗಳ ಆಕಾರಕ್ಕನುಸಾರವಾಗಿ ವರ್ಗಗಳಾಗಿ ವಿಂಗಡಿಸಿದ್ದಾರೆ. ೨೦ ಲಕ್ಷ ಆವರ್ತಗಳನ್ನು ತಾಳಬಲ್ಲ ಪೀಡನದ ಏರಿಳಿತವೇ ವರ್ಗದ ಸಂಖ್ಯೆ. ಅಂತರರಾಷ್ಟ್ರೀಯ ಬೆಸುಗೆ ಸಂಸ್ಥೆಯ ಶಿಫಾರಸುಗಳಂತೆ, ಬೆಸುಗೆಯಿಲ್ಲದ ಉಕ್ಕಿನ ಹಲಗೆಗೆ ೧೬೦; ತುದಿಗೆ ತುದಿ ಸೇರಿಸಿ ಪೂರ್ತಿ ಬೆಸೆದು ಉಬ್ಬನ್ನು ಸಮನಾಗಿ ಉಜ್ಜಿ ಪರೀಕ್ಷಿಸಿದ ಕೀಲಿಗೆ ೧೧೨; ಅದನ್ನೇ ಉಜ್ಜದೆ ಬಿಟ್ಟರೆ ೮೦ರಿಂದ ೯೦; ಅಡ್ಡ ಹಲಗೆಗೆ ಮೂಲೆಬೆಸುಗೆ ಹಾಕಿ ಅದರ ಮೂಲಕವೇ ಭಾರ ಎಳೆಯುವ ಕೀಲಿಗೆ ೬೩. ಬುಡದವರೆಗೆ ಲೋಹ ಇಳಿಯದೆ, ಬಿರುಕು ಬೆಸುಗೆಯನ್ನೇ ಸೀಳಿಕೊಂಡು ಬರುವಂತಿದ್ದರೆ ಸಂಖ್ಯೆ ೩೬ಕ್ಕೆ ಕುಸಿಯುತ್ತದೆ. ಲೋಹ ಅದೇ, ಕೆಲಸಗಾರ ಅವನೇ. ಆದರೂ ಕೀಲಿನ ರೂಪ ಬದಲಾದ ಮಾತ್ರಕ್ಕೆ ಇಷ್ಟು ಅಂತರ.

ನಮ್ಮ ಟ್ರೇಲರಿನ ಕೊಂಡಿ ೬೩ರ ವರ್ಗಕ್ಕೆ ಸೇರಿದ್ದು, ಹಳ್ಳದಿಣ್ಣೆಯ ರಸ್ತೆಯಲ್ಲಿ ಪ್ರತಿ ಕುಲುಕಿಗೂ ೧೨೬ರ ಏರಿಳಿತ ಉಂಟಾಗುತ್ತದೆಂದು ಊಹಿಸೋಣ. ೧೨೬ ಎಂಬುದು ೬೩ರ ಇಮ್ಮಡಿ. ಆದ್ದರಿಂದ ಆಯುಷ್ಯ ೨೦ ಲಕ್ಷದ ಎಂಟನೆಯ ಒಂದು ಪಾಲು, ಅಂದರೆ ೨,೫೦,೦೦೦ ಕುಲುಕು. ಕಿಲೋಮೀಟರಿಗೆ ೧೦೦ ಕುಲುಕಿನಂತೆ ೨೦ ಕಿಲೋಮೀಟರಿನ ಒಂದು ಪಯಣಕ್ಕೆ ೨,೦೦೦ ಕುಲುಕಾದರೆ, ೧೨೫ ಪಯಣಗಳಿಗೆ ಬೆಸುಗೆಯ ಕಾಲ ತೀರಿತು.

ಈಗ ೮ ಟನ್ನಿಗೆಂದು ಮಾಡಿದ ಟ್ರೇಲರಿಗೆ ೧೦ ಟನ್ ಕಬ್ಬು ಹೇರಿದರೆ ಏನಾಗುವುದೆಂದು ನೋಡಿ. ಏರಿಳಿತವೂ ಅದೇ ಪ್ರಮಾಣದಲ್ಲಿ ಹೆಚ್ಚಿದರೆ ಅದು ಒಂದೂಕಾಲು ಪಟ್ಟಾಗುತ್ತದೆ. ಒಂದೂಕಾಲರ ಘನ ಸುಮಾರು ಎರಡು. ಕಾಲುಭಾಗ ಹೆಚ್ಚು ಹೊರೆಗೆ ಆಯುಷ್ಯ ಅರ್ಧವಾಯಿತು. ಎರಡು ಟನ್ನಿನ ಲಾಭಕ್ಕೆ ರೈತ ತೆರುವ ಬೆಲೆ ಇದು. ಪೂರ್ತಿ ಮುರಿದ ದಿನ ಆ ಬೆಲೆಯನ್ನು ತೆರುವವನು ಹಿಂದೆ ಸೈಕಲ್ಲಿನಲ್ಲಿ ಬರುವ ಬೇರೊಬ್ಬನಾಗಿರಲೂಬಹುದು.

ಇವುಗಳ ಜೊತೆಗೆ ಇನ್ನೂ ಎರಡು ಸಂಗತಿಗಳುಂಟು. ಹಲಗೆ ಬಹಳ ದಪ್ಪವಾದಷ್ಟೂ ಬೆಸುಗೆಯ ದಣಿವಿನ ಬಲ ಸ್ವಲ್ಪ ತಗ್ಗುತ್ತದೆ. ತುಕ್ಕು ಹಿಡಿಸುವ ನೀರು, ಉಪ್ಪು, ಗೊಬ್ಬರಗಳ ಸಂಗವಾದರೆ ಬಿರುಕು ಇನ್ನೂ ಬೇಗ ಬೆಳೆಯುತ್ತದೆ.

ಆರು ಮಿಲಿಮೀಟರಿನ ಒಂದು ಬೆಸುಗೆ

ಕೊಂಡಿಯ ಮಾತನ್ನು ಹಳ್ಳಿಯ ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಉತ್ತರ ಸಮುದ್ರದಲ್ಲಿ ಎಣ್ಣೆಬಾವಿಯ ಕೆಲಸಗಾರರಿಗೆ ವಸತಿಯಾಗಿದ್ದ ‘ಅಲೆಕ್ಸಾಂಡರ್ ಶೆಲ್ಲಾಂಡ್’ ಎಂಬ ನಾರ್ವೆಯ ತೇಲುವೇದಿಕೆ ೧೯೮೦ನೆಯ ಇಸವಿ ಮಾರ್ಚ್ ೨೭ರ ಸಂಜೆ ಬಿರುಗಾಳಿಯಲ್ಲಿ ಮಗುಚಿತು. ಅದರಲ್ಲಿದ್ದ ೨೧೨ ಮಂದಿಯಲ್ಲಿ ೧೨೩ ಮಂದಿ ಮಡಿದರು. ಐದು ಕಾಲುಗಳ ಆ ವೇದಿಕೆಯ ಒಂದು ಅಡ್ಡತೊಲೆಗೆ ನೀರೊಳಗಿನ ಸದ್ದನ್ನು ಗ್ರಹಿಸುವ ಸಣ್ಣ ಉಪಕರಣವೊಂದರ ಆಧಾರವನ್ನು ೬ ಮಿಲಿಮೀಟರಿನ ಮೂಲೆಬೆಸುಗೆಯಿಂದ ಸೇರಿಸಿದ್ದರು. ಭಾರ ಹೊರುವ ಕೆಲಸ ಅದಕ್ಕಿರಲಿಲ್ಲ. ಆದ್ದರಿಂದ ಯಾರೂ ಅದನ್ನು ಮುಖ್ಯವೆಂದು ಎಣಿಸಲಿಲ್ಲ. ಆ ಬೆಸುಗೆಯಲ್ಲಿ ಹುಟ್ಟಿದ ಬಿರುಕು ಅಲೆಗಳ ಏರಿಳಿತಕ್ಕೆ ಬೆಳೆದು ತೊಲೆಯನ್ನು ಸುತ್ತಿತು. ತೊಲೆ ಮುರಿಯಿತು, ಅದರ ಭಾರ ಬಿದ್ದ ಉಳಿದ ತೊಲೆಗಳೂ ಮುರಿದು ಒಂದು ಕಾಲೇ ಕಳಚಿಹೋಯಿತು. ಮುಖ್ಯವಾದ ಭಾಗಕ್ಕೆ ಅಂಟಿದ ಅಮುಖ್ಯವಾದ ಬೆಸುಗೆಯೆಂಬುದು ಇಲ್ಲವೆಂದು ಎಂಜಿನಿಯರರು ಇದರಿಂದ ಕಲಿತರು.

ನಮ್ಮ ರೈಲುಹಳಿಗಳ ಬೆಸುಗೆಯನ್ನೂ ಗಮನಿಸಿ. ಮೈಸೂರು–ನಂಜನಗೂಡು ಮಾರ್ಗ ೧೮೯೧ರಲ್ಲಿ ತೆರೆದಾಗ ಹಳಿಯ ತುಂಡುಗಳನ್ನು ಪಟ್ಟಿ ಮತ್ತು ಬೋಲ್ಟುಗಳಿಂದ ಸೇರಿಸುವುದೇ ವಾಡಿಕೆ. ಆ ಸಂದುಗಳ ಮೇಲೆ ಚಕ್ರ ಹಾಯುವಾಗಿನ ‘ಟಕಟಕ’ ಸದ್ದು ಹಿರಿಯರ ನೆನಪಿನಲ್ಲಿದೆ. ಈಗ ದೇಶದ ಬ್ರಾಡ್ ಗೇಜ್ ಮಾರ್ಗಗಳಲ್ಲಿ ಹಳಿಗಳನ್ನು ಉದ್ದಕ್ಕೂ ಬೆಸೆಯುತ್ತಾರೆ. ಸ್ಥಳದಲ್ಲಿಯೇ ಬೆಸೆಯಲು ಅಲ್ಯೂಮಿನಿಯಂ ಪುಡಿಯನ್ನೂ ಕಬ್ಬಿಣದ ಆಕ್ಸೈಡನ್ನೂ ಕೂಡಿಸಿ ಉರಿಸಿ, ಕರಗಿದ ಉಕ್ಕನ್ನು ಸಂದಿಗೆ ಹೊಯ್ಯುವ ವಿಧಾನವುಂಟು. ಇದು ೧೮೯೦ರ ದಶಕದಲ್ಲಿ ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿತ್ ಕಂಡುಹಿಡಿದದ್ದು. ಪ್ರತಿಯೊಂದು ಚಕ್ರವೂ ಈ ಬೆಸುಗೆಗೆ ಒಂದು ಆವರ್ತ. ಚಳಿಗಾಲದ ರಾತ್ರಿ ಹಳಿ ಕುಗ್ಗಲು ಹವಣಿಸಿ ಎಳೆತಕ್ಕೆ ಸಿಕ್ಕುವುದರಿಂದ ಬಿರುಕಿನ ಭಯ ಆಗ ಹೆಚ್ಚು. ಆದ್ದರಿಂದಲೇ ಕಿವಿಗೆ ಕೇಳದ ಶಬ್ದತರಂಗಗಳನ್ನು ಹಳಿಯೊಳಗೆ ಹಾಯಿಸಿ ಬಿರುಕಿನಿಂದ ಬರುವ ಪ್ರತಿಧ್ವನಿಯನ್ನು ಹುಡುಕುತ್ತಾರೆ. ಕೀಮನ್ ಹಳಿಯುದ್ದಕ್ಕೂ ನಡೆದು ಕಣ್ಣಿನಿಂದ ನೋಡುವ ಕೆಲಸವೂ ಇದರ ಜೊತೆಗೆ ನಡೆದೇ ಇದೆ.

ಮಾಡಬೇಕಾದುದೇನು?

ಮತ್ತೆ ನಮ್ಮ ಅಂಗಡಿಗೆ ಬರೋಣ. ಬಿರುಕಿನ ಮೇಲೆ ಹೊಸ ಲೋಹ ಹೊದಿಸುವುದು ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಬಿರುಕು ಕೆಳಗೆ ಹಾಗೆಯೇ ಇದ್ದು ಅಲ್ಲಿಂದಲೇ ಮುಂದುವರಿಯುತ್ತದೆ. ಮೊದಲು ಗ್ರೈಂಡರಿನಿಂದ ಬಿರುಕನ್ನು ಅದರ ಕೊನೆಯವರೆಗೆ ಪೂರ್ತಿಯಾಗಿ ತೆಗೆದುಹಾಕಬೇಕು. ಅನಂತರ ಅಂಚುಗಳನ್ನು ಓರೆಯಾಗಿ ಉಜ್ಜಿ, ಲೋಹ ಬುಡದವರೆಗೆ ಇಳಿಯುವಂತೆ, ತೇವವಿಲ್ಲದ ವೆಲ್ಡಿಂಗ್ ರಾಡಿನಿಂದ ಬೆಸೆಯಬೇಕು. ಪ್ರತಿ ಸುತ್ತಿಗೂ ಕಿಟ್ಟವನ್ನು ಕುಟ್ಟಿ ತೆಗೆಯಬೇಕು.

ಕೊನೆಯಲ್ಲಿ ಬೆಸುಗೆಯ ಅಂಚನ್ನು ನಯವಾಗಿ ಉಜ್ಜಿ, ಲೋಹವು ಹಲಗೆಯೊಳಕ್ಕೆ ಮೆಲ್ಲನೆ ಇಳಿದು ಸೇರುವಂತೆ ಮಾಡಬೇಕು. ಇದರಿಂದ ಕಡಿದಾದ ಮೂಲೆಯೂ ಕಿಟ್ಟದ ಸೀಳುಗಳೂ ಒಟ್ಟಿಗೆ ಹೋಗುತ್ತವೆ. ಉಜ್ಜಿದ ಗೆರೆಗಳು ಎಳೆತದ ದಿಕ್ಕಿನಲ್ಲಿಯೇ ಇರಬೇಕು. ಅಡ್ಡಗೆರೆಗಳಾದರೆ ಅವೇ ಹೊಸ ಗಾಯಗಳಾದಾವು. ಕ್ರಮವಾಗಿ ಮಾಡಿದ ಇಂಥ ಉಜ್ಜುವಿಕೆಯಿಂದ ದಣಿವಿನ ಬಲ ಸುಮಾರು ೧.೩ ಪಟ್ಟು ಹೆಚ್ಚುವುದೆಂದು ಗಣಿಸುತ್ತಾರೆ. ೧.೩ರ ಘನ ೨.೨, ಅಂದರೆ ಆಯುಷ್ಯ ಇಮ್ಮಡಿಗಿಂತ ಮಿಗಿಲು. ಅಂಚನ್ನು ಸಣ್ಣ ಸುತ್ತಿಗೆಯಂಥ ಯಂತ್ರದಿಂದ ಬಡಿದು, ಅಲ್ಲಿ ಎಳೆತದ ಬದಲು ಒತ್ತುವ ಪೀಡನವನ್ನು ನೆಲೆಗೊಳಿಸುವ ವಿಧಾನವೂ ಇದೆ. ಎಲ್ಲಕ್ಕಿಂತ ಮೇಲಾದದ್ದು, ಬೆಸುಗೆಯನ್ನು ಹೆಚ್ಚು ಬಾಗುವ ಜಾಗದಿಂದ ದೂರವಿಡುವುದು. ಮತ್ತು ಆಸರೆಯ ಪಟ್ಟಿಗಳ ತುದಿಯನ್ನು ಮೊಂಡಾಗಿ ನಿಲ್ಲಿಸದೆ ಕ್ರಮೇಣ ಸಣ್ಣಗಾಗಿಸುವುದು.

ಈ ಮಾತುಗಳನ್ನೆಲ್ಲ ಅಂಗಡಿಯಾತನಿಗೆ ಹೇಳಿದಾಗ ಅವನು ಗ್ರೈಂಡರ್ ಹಿಡಿದು ಹಳೆಯ ಲೋಹವನ್ನೆಲ್ಲ ಉಜ್ಜಿದ. ಮೊದಲ ಬೆಸುಗೆಯ ಬುಡದಲ್ಲಿ ತುಕ್ಕು ಹಿಡಿದು ಕಪ್ಪಾಗಿದ್ದ ಒಂದು ಗೆರೆ ಕಾಣಿಸಿತು. ಎರಡು ಸಲದ ರಿಪೇರಿಯ ಕೆಳಗೂ ಅದು ಇದ್ದೇ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ, “ಇದು ಮೊದ್ಲಿಂದ್ಲೂ ಇಲ್ಲೇ ಇತ್ತಲ್ಲ ಸ್ವಾಮಿ!” ಎಂದ.

ಓದುಗರಾದ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪ್ರಯೋಗವನ್ನು ಸೂಚಿಸಿ ಮುಗಿಸುತ್ತೇನೆ. ಒಂದೇ ಬಗೆಯ ಹತ್ತು ತಂತಿತುಂಡುಗಳನ್ನು ತೆಗೆದುಕೊಂಡು, ಐದಕ್ಕೆ ನಡುವೆ ಅರದಿಂದ ಒಂದೊಂದು ಸಣ್ಣ ಗೀರು ಹಾಕಿ. ಎಲ್ಲವನ್ನೂ ಒಂದೇ ಕೋನಕ್ಕೆ ಅತ್ತಿತ್ತ ಬಗ್ಗಿಸುತ್ತ, ಎಷ್ಟು ಸಲಕ್ಕೆ ಮುರಿಯುವುದೆಂದು ಎಣಿಸಿ ಬರೆದಿಡಿ. ಗೀರಿನ ಬೆಲೆಯೇನೆಂಬುದು ನಿಮ್ಮ ಲೆಕ್ಕದಲ್ಲಿಯೇ ಕಾಣುತ್ತದೆ. ಆಮೇಲೆ ನಿಮ್ಮ ಮನೆಯ ಟ್ರೇಲರಿನ ಕೊಂಡಿಯನ್ನೋ ಸೈಕಲ್ಲಿನ ಕ್ಯಾರಿಯರನ್ನೋ ಒರಸಿ, ಬೆಸುಗೆಯ ಅಂಚನ್ನು ಒಮ್ಮೆ ಬೆಳಕಿನಲ್ಲಿ ನೋಡಿ.